ಲೀಲಾಬಾಯಿಯ ಮಣ್ಣು

ಕಸ್ತೂರಬಾಯಿ ಅತ್ತೆಯ ಎಡಗಾಲು ತೊಳೆದು ಬಲಗಾಲಿಗೆ ನೀರು ಹಾಕುತ್ತಿದ್ದಳು. ಅಷ್ಟರಲ್ಲಿ ಅಂಗಳದಲ್ಲಿ ಏನೋ ದಡದಡ ಉರುಳಿದ ಸದ್ದಾಯಿತು. ಅಡತಿ ವ್ಯಾಪಾರದ ಮನೆ ಅದು. ಶೇಂಗಾ ಚೀಲ ಇಳಿಸುವ ಸದ್ದು, ಹತ್ತಿಯ ಅಂಡಿಗೆ ಕೆಡವುವ ಸದ್ದು ಅವಳಿಗೆ ನಿದ್ದೆಗಣ್ಣಲ್ಲೂ ಗೊತ್ತಾಗುತ್ತಿತ್ತು. ಇದು ಅದಾವುದೂ ಅಲ್ಲ. ಒದ್ದೆ ಕೈಯಲ್ಲೇ ಎದ್ದು ಕಿಟಕಿಯಿಂದ ಹಣಿಕಿದಳು. ಬೇವಿನ ಗಿಡದ ಕೆಳಗೆ ಎತ್ತಿನ ಗಾಡಿ ನಿಂತಿತ್ತು. ಗಾಡಿಯವನು ಜಾಲಿಯ ಕೊರಡುಗಳನ್ನು ಒಂದೊಂದಾಗಿ ನೆಲಕ್ಕೆ ಕೆಡವುತ್ತಿದ್ದ.

ಲಿಂಗವಂತರ ಮನೆಯಲ್ಲಿ ಸಾವಾದರೆ ಗುದ್ದಲಿ, ಸಲಿಕೆ ಹೊರಬೀಳುತ್ತವೆ. ಕಟ್ಟಿಗೆಯ ಗಾಡಿ ಬರುವುದಿಲ್ಲ. ಸತ್ತವರನ್ನು ಜಳಕ ಮಾಡಿಸಿ, ಬದುಕಿದ್ದಾಗ ಹೇಗೆ ಪೂಜೆಗೆ ಕೂರುತ್ತಿದ್ದರೋ ಹಾಗೆ ಕೂಡಿಸಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಭೂಮಿಗೆ ಒಪ್ಪಿಸುವ ಜನ ಅವರು. ವಿಜಾಪುರ ರಸ್ತೆಯ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕಸ್ತೂರಬಾಯಿ ಮಾವನ ಸಾವು ಕಂಡಿದ್ದಳು. ಅಂದು ಒಂದು ಚಕ್ಕೆ ಕಟ್ಟಿಗೆಯೂ ಅಂಗಳದಲ್ಲಿ ಬಿದ್ದಿರಲಿಲ್ಲ.

"ಅಕ್ಕಾರ, ಈ ಕಟಗಿ ಯಾಕ ಬಂದಾವ?" ಎಂದು ಬಾಗಿಲಲ್ಲಿ ನಿಂತಿದ್ದ ನೆಗೆಣ್ಣಿ ದ್ರೌಪದಿಯನ್ನು ಕೇಳಿದಳು.

ದ್ರೌಪದಿ ಈ ಮನೆಯ ಹಿರಿಸೊಸೆ. ಯಾವ ಮಾತಿಗೂ ಉತ್ತರ ಇಟ್ಟುಕೊಂಡೇ ಬರುವ ಹೆಂಗಸು. ಇವತ್ತು ಮಾತ್ರ ನೆಲ ನೋಡುತ್ತ ನಿಂತಿದ್ದಳು.

"ಹಿರ್ಯಾರು ಕುಂತು ಮಾತಾಡ್ಯಾರ. ಅತ್ತಿನ್ನ ಸುಡೂದಂತ."

ಲೀಲಾಬಾಯಿ ಕಣ್ಣು ಮುಚ್ಚಿದ್ದು ನಸುಕಿನಲ್ಲಿ. ಮೇ ತಿಂಗಳ ಸೊಲ್ಲಾಪುರ. ಹೊತ್ತೇರುವ ಮೊದಲೇ ಗೋಡೆ ಮುಟ್ಟಿದರೆ ಬಿಸಿ. ಹೆಣ ಬಹಳ ಹೊತ್ತು ಇಡುವಂತಿರಲಿಲ್ಲ. ದೇಶದ ತುಂಬ ರೈಲಿನವರ ಮುಷ್ಕರ ನಡೆದಿತ್ತು. ಕಿರಿಯ ಮಗ ನಾಗಣ್ಣ, ಎಂದರೆ ಕಸ್ತೂರಬಾಯಿಯ ಗಂಡ, ವ್ಯಾಪಾರಕ್ಕೆಂದು ಮುಂಬೈಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಟ್ರಂಕ್ ಕಾಲ್ ಹಚ್ಚಿ ಅವನು ಇಳಿದುಕೊಂಡಿದ್ದ ವ್ಯಾಪಾರದ ಪೇಢಿಗೆ ಸುದ್ದಿ ಮುಟ್ಟಿಸಿದ್ದಾಗಿತ್ತು. ಅವನು ಯಾವಾಗ ಬಂದಾನು, ಹೇಗೆ ಬಂದಾನು ಎಂದು ಹೇಳುವವರಿರಲಿಲ್ಲ. ಹೀಗಾಗಿ ಮನೆಯ ಮಾತೆಲ್ಲ ಹಿರಿಯ ಮಗ ಶಿವಶರಣಪ್ಪನ ಕೈಗೆ ಬಂದಿತ್ತು. ಶಿವಶರಣಪ್ಪನ ಕೈಯಿಂದ ಅದು ಭಾವಕಿಯ, ಎಂದರೆ ದಾಯಾದಿ ಬಳಗದ, ಹಿರಿಯ ಹಣಮಂತಪ್ಪನ ಕೈಗೆ ಹೋಗಲು ಹೊತ್ತೇನೂ ಹಿಡಿಯಲಿಲ್ಲ.

ಆದದ್ದಿಷ್ಟು. ಕಸ್ತೂರಬಾಯಿ ನೀರು ಕಾಯಿಸಲು ಒಳಗೆ ಹೋದಾಗ ಹಣಮಂತಪ್ಪನ ಹೆಂಡತಿ ತುಳಜಾಬಾಯಿ ತಾನಾಗಿಯೇ ಮುಂದೆ ಬಂದು ಹೆಣದ ಕುಪ್ಪಸ ಬಿಚ್ಚಿದ್ದಳು. ಕೊರಳಿನ ಕರಿದಾರಕ್ಕೆ ಲಿಂಗದ ಕರಡಿಗೆ ಇರಬೇಕಿತ್ತು. ಇದ್ದದ್ದು ಬೆರಳುದ್ದದ ಒಂದು ಮರದ ಶಿಲುಬೆ. ತುಳಜಾಬಾಯಿ ಅದನ್ನು ಎರಡೇ ಬೆರಳಲ್ಲಿ ಹಿಡಿದು ಪಡಸಾಲೆಗೆ ಒಯ್ದಳು, ಗಂಡಸರ ನಡುವೆ ತೋರಿಸಿದಳು, ತಂದು ಕಿಟಕಿಯ ಕಟ್ಟೆಯ ಮೇಲೆ ಒಗೆದಳು. ಮುಂದಿನದೆಲ್ಲ ಬೇಗ ಬೇಗ ನಡೆಯಿತು.

ಲಿಂಗವಿಲ್ಲದವಳನ್ನು ಲಿಂಗವಂತರ ಸಾಲಿನಲ್ಲಿ ಕೂಡಿಸುವುದು ಹೇಗೆ ಎಂದು ಹಣಮಂತಪ್ಪ ಕೇಳಿದ. ಅಕ್ಕಲಕೋಟದ ಹೊರಗಿನ ಹೊಲದಲ್ಲಿ ಭಾವಕಿಯ ಅಜ್ಜ ಮುತ್ತಜ್ಜಂದಿರ ಸಮಾಧಿಗಳಿವೆ; ಲೀಲಾಬಾಯಿಯ ಗಂಡ ಸಾತಲಿಂಗಪ್ಪನದೂ ಅಲ್ಲೇ. ಆ ನೆಲ ಒಬ್ಬರದಲ್ಲ, ಎಲ್ಲರದು. ಕ್ರಿಸ್ತಾನರ ಭೂಮಿಗೆ ಒಯ್ಯೋಣವೆಂದರೆ ಊರಿಗೆಲ್ಲ ಡಂಗುರ ಸಾರಿದಂತೆ. ಸುಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಯಾಕೆ ಸುಟ್ಟಿರಿ ಎಂದವರಿಗೆ ಅಂಟುಜಾಡ್ಯವಿತ್ತು, ಡಾಕ್ಟರು ಹೂಳಬೇಡಿ ಎಂದರು ಎಂದರಾಯಿತು. ಹಣಮಂತಪ್ಪ ಸುಳ್ಳನ್ನೂ ಕೂತಲ್ಲೇ ಸಿದ್ಧ ಮಾಡಿದ. ಶಿವಶರಣಪ್ಪನ ಮಗಳ ಮದುವೆ ಇದೇ ಹಣಮಂತಪ್ಪನ ಅಳಿಯನ ಮನೆತನದಲ್ಲಿ ಗೊತ್ತಾಗಿತ್ತು. ಶಿವಶರಣಪ್ಪ ಅಡ್ಡ ಬರಲಿಲ್ಲ. ಗಾಡಿಗೆ ಆಳು ಹೋದ.

ಕಸ್ತೂರಬಾಯಿ ತಿರುಗಿ ಬಂದು ಅತ್ತೆಯ ಕಾಲ ಬಳಿ ಕೂತಳು. ಬಲಗಾಲು ಇನ್ನೂ ಅರ್ಧ ಒದ್ದೆಯಾಗಿತ್ತು.

*

ಆ ಕಾಲು ಬಂದದ್ದು ಬಹಳ ದೂರದಿಂದ. ಸಮುದ್ರದಾಚೆ, ತುರ್ಕರ ನಾಡಿನಲ್ಲಿ, ಸ್ಮರ್ನಾ ಎಂಬ ಬಂದರಿನ ಊರು. ಅಲ್ಲಿಯ ಗ್ರೀಕರ ಓಣಿಯ ಹುಡುಗಿ ಅವಳು. ಹೆಸರು ಎಲೆನಿ. ಈ ಕತೆಯನ್ನು ಅವಳು ಸೊಸೆಗೆ ಒಂದೇ ಸಲ ಕೂತು ಹೇಳಿದವಳಲ್ಲ. ಅಕ್ಕಿಯ ಕಲ್ಲು ಆರಿಸುವಾಗ ಒಂದಿಷ್ಟು, ರೊಟ್ಟಿ ತಟ್ಟುವಾಗ ಒಂದಿಷ್ಟು ಹೇಳಿದ್ದಳು. ಅವಳ ಕನ್ನಡವೂ ಅಂಥದೇ. ಗಂಡು ಯಾವುದು, ಹೆಣ್ಣು ಯಾವುದು ಎಂಬುದು ಅವಳ ಮಾತಿನಲ್ಲಿ ಕೊನೆಯವರೆಗೂ ಸರಿಯಾಗಲಿಲ್ಲ. ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂಬ ಗೊಂದಲವೇ ಬೇಡವೆಂದು ಎಲ್ಲರಿಗೂ 'ರಿ' ಹಚ್ಚಿಬಿಟ್ಟಿದ್ದಳು. ಓಣಿಯ ನಾಯಿಯನ್ನೂ "ಬರ್ರಿ, ರೊಟ್ಟಿ ತಿನ್ರಿ" ಎಂದು ಕರೆಯುತ್ತಿದ್ದಳು. ಆ ನಾಯಿಗೆ ಸೊಲ್ಲಾಪುರದಲ್ಲಿ ಅಷ್ಟು ಮರ್ಯಾದೆ ಮತ್ತಾರೂ ಕೊಟ್ಟಿರಲಿಕ್ಕಿಲ್ಲ.

ಹದಿನೇಳರ ಹುಡುಗಿ ಇದ್ದಾಗ ಯುದ್ಧ ಬಂತು, ಊರಿಗೆ ಬೆಂಕಿ ಬಿತ್ತು. ಜನವೆಲ್ಲ ಬಂದರಿನ ದಂಡೆಗೆ ಓಡಿದರು. ಹಿಂದೆ ಬೆಂಕಿ, ಮುಂದೆ ನೀರು. ದೇವರ ಪಟ ಒಳಗೇ ಉಳಿಯಿತೆಂದು ತಾಯಿ ಮನೆಯೊಳಗೆ ಹೋದಳು. ಪಟವನ್ನು ಕಿಟಕಿಯಿಂದ ಕೆಳಗೆ ಎಸೆದಳು. ತಾನು ಬರಲಿಲ್ಲ. ಎಲೆನಿ ಬೀದಿಯಲ್ಲಿ ನಿಂತು ಕಿಟಕಿಯನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳು, ಏನು ಕಂಡಳು ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಆ ಮಾತು ಬಂದಾಗ ಮೊರದಲ್ಲಿ ಅಕ್ಕಿ ಕೇರುವ ಅವಳ ಕೈ ನಿಂತುಬಿಡುತ್ತಿತ್ತು.

ಸೋದರಮಾವನೊಬ್ಬ ಮುಂಬೈಯಲ್ಲಿ ಹತ್ತಿ ಖರೀದಿಯ ಕಂಪನಿಯಲ್ಲಿದ್ದ. ತಬ್ಬಲಿಯನ್ನು ಕರೆಸಿಕೊಂಡ. ಹತ್ತಿಯ ಸುಗ್ಗಿಗೆ ಸೊಲ್ಲಾಪುರಕ್ಕೆ ಬಂದು ಬಂಗಲೆ ಹಿಡಿದಾಗ ಅಡುಗೆಗೆ ಅವಳನ್ನೂ ಕರೆತಂದ. ಆ ಬಂಗಲೆಗೆ ಹತ್ತಿಯ ಮಾದರಿ ತೋರಿಸಲು ಬರುತ್ತಿದ್ದವನು ಸಾತಲಿಂಗಪ್ಪ. ಮೊದಮೊದಲು ಮಾದರಿ ತೋರಿಸಿ ಹೋಗುತ್ತಿದ್ದ. ಆಮೇಲೆ ಮಾದರಿಯ ಚೀಲವನ್ನೇ ಮನೆಯಲ್ಲಿ ಮರೆತು ಬರತೊಡಗಿದ. ಕಂಪನಿಯ ಗುಮಾಸ್ತರು ನಗುತ್ತಿದ್ದರು.

ಅವನು ಮದುವೆಯ ಮಾತೆತ್ತಿದಾಗ ಹುಡುಗಿ ಕೇಳಿದ್ದು ಒಂದೇ ಮಾತು. ನಿಮ್ಮಲ್ಲಿ ಸತ್ತವರನ್ನು ಸುಡುತ್ತೀರೋ, ಹೂಳುತ್ತೀರೋ? ಹರಕು ಹಿಂದುಸ್ತಾನಿಯಲ್ಲಿ ಅದನ್ನು ದಾಟಿಸುವಾಗ ಸೋದರಮಾವನಿಗೆ ಇವಳ ತಲೆ ಕೆಟ್ಟಿತೇನೋ ಅನ್ನಿಸಿತು. ಸಾತಲಿಂಗಪ್ಪ ನಗಲಿಲ್ಲ. ಬಾಗಿ ಅಂಗಳದ ಹಿಡಿ ಮಣ್ಣು ತೆಗೆದು ಅವಳ ಮುಂದೆ ಹಿಡಿದ. "ಮಣ್ಣು" ಎಂದ. ನೀರು, ಅನ್ನ ಎಂಬ ಮಾತು ಕಲಿಯುವ ಮೊದಲೇ ಅವಳು ಕಲಿತ ಕನ್ನಡದ ಮಾತು ಅದು.

ಲಿಂಗದೀಕ್ಷೆಗೆ ಮಾತ್ರ ಅವಳು ಒಪ್ಪಲಿಲ್ಲ. ಕೊರಳಲ್ಲಿ ಒಬ್ಬ ದೇವರಿದ್ದಾನೆ, ಇನ್ನೊಬ್ಬನನ್ನು ಕಟ್ಟಿಕೊಂಡು ಇಬ್ಬರಿಗೂ ಮೋಸ ಮಾಡಲಾರೆ ಎಂದಳು. ಸಾತಲಿಂಗಪ್ಪ ಗಟ್ಟಿ ಮನುಷ್ಯ. ಅವಳನ್ನು ಯಾವುದೋ ದೂರದ ಮಠಕ್ಕೆ ಕರೆದೊಯ್ದು, ಪ್ರಸಾದ ಉಂಡು, ತಿರುಗಿ ಬಂದು ದೀಕ್ಷೆಯಾಯಿತೆಂದು ಎಲ್ಲರಿಗೂ ಹೇಳಿದ. ಹೋದದ್ದು ನಿಜ, ಉಂಡದ್ದೂ ನಿಜ, ದೀಕ್ಷೆಯೊಂದೇ ಸುಳ್ಳು. ಎಲೆನಿ ಲೀಲಾಬಾಯಿಯಾದಳು. ಸೀರೆಯ ಸೆರಗು ಮೈತುಂಬ ಹೊದೆಯುವ ಕಾಲ. ಕರಿದಾರ ಕಂಡವರು ಕರಡಿಗೆಯನ್ನೂ ಕಂಡೆವೆಂದುಕೊಂಡರು. ಭಾವಕಿಯವರ ಸಾಲಿನಲ್ಲಿ ಅವಳು ಎಂದೂ ಊಟಕ್ಕೆ ಕೂರಲಿಲ್ಲ, ಬಡಿಸುವವಳಾಗಿಯೇ ಉಳಿದಳು.

ಅವಳು ಮೋಸಗಾತಿಯಾಗಿರಲಿಲ್ಲ. ಆ ಮನೆಗೆ ಮೈಮುರಿದು ದುಡಿದಳು. ಮನೆಗೆ ಬಂದ ಜಂಗಮರಿಗೆ ಬಿಸಿ ರೊಟ್ಟಿಯಿಲ್ಲದೆ ಎಂದೂ ಕಳಿಸಲಿಲ್ಲ. ತನ್ನ ಕೋಣೆಯಲ್ಲಿ, ಒಂದು ಮೂಲೆ ಸುಟ್ಟ ಆ ಪಟದ ಮುಂದೆ ಎರಡೂ ಹೊತ್ತು ಎಣ್ಣೆದೀಪ ಹಚ್ಚುತ್ತಿದ್ದಳು. ಕೂಸನ್ನೆತ್ತಿಕೊಂಡ ತಾಯಿಯ ಪಟ. ಕಸ ಹೊಡೆಯುವವಳು ಅದನ್ನು ಅತ್ತೆಯ ತೌರುಮನೆಯ ಯಲ್ಲಮ್ಮ ಎಂದುಕೊಂಡು ದಿನಾ ಕುಂಕುಮ ಇಟ್ಟು ಕೈಮುಗಿಯುತ್ತಿದ್ದಳು. ಲೀಲಾಬಾಯಿ ಬೇಡವೆನ್ನಲಿಲ್ಲ. ಯುಗಾದಿ ದಾಟಿದ ಮೇಲೆ ಅವಳದೊಂದು ಹಬ್ಬ ಬರುತ್ತಿತ್ತು. ಅವಳ ನಾಡಿನಲ್ಲಿ ಅಂದು ತತ್ತಿಗೆ ಕೆಂಪು ಬಣ್ಣ ಹಚ್ಚಿ, ಒಂದಕ್ಕೊಂದು ಕುಟ್ಟಿ ಒಡೆಯುವುದು ಪದ್ಧತಿ. ಲಿಂಗವಂತರ ಮನೆಯೊಳಗೆ ತತ್ತಿ ಹೊಸ್ತಿಲು ದಾಟೀತೇ? ಅವಳು ಸಣ್ಣ ಬಟಾಟಿ ಕುದಿಸಿ ಕೆಂಪು ಬಣ್ಣ ಹಚ್ಚಿ ಮೊಮ್ಮಕ್ಕಳ ಕೈಗಿಡುತ್ತಿದ್ದಳು. ಕುಟ್ಟಿದರೆ ಬಟಾಟಿ ಒಡೆಯುವುದಿಲ್ಲ, ಜಜ್ಜುತ್ತದೆ. ಮಕ್ಕಳಿಗೆ ಅದೇ ಖುಷಿ. ಮನೆಯವರು ಅದನ್ನು ಬಟಾಟಿ ಹುಣ್ಣಿಮೆ ಎಂದು ಕರೆದರು. ಬೇರೆಯವರ ಮನೆಯಲ್ಲೂ ಬಟಾಟಿ ಹುಣ್ಣಿಮೆ ಇರುತ್ತದೆಂದೇ ಮಕ್ಕಳು ಬಹಳ ದಿನ ತಿಳಿದಿದ್ದರು.

ಹೋದ ಚಳಿಗಾಲದಲ್ಲಿ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಮೈ ಒರೆಸುತ್ತಿದ್ದ ಸೊಸೆಯ ಮುಂಗೈಯನ್ನು ಮುದುಕಿ ಗಟ್ಟಿಯಾಗಿ ಹಿಡಿದಳು.

"ಬೆಂಕಿ ಬ್ಯಾಡ್ರಿ, ಕಸ್ತೂರಿ. ಬೆಂಕಿ ನಾ ಒಮ್ಮೆ ನೋಡೀನ್ರಿ."

"ಹುಚ್ಚು ಮಾತು ಆಡಬ್ಯಾಡ್ರಿ ಅತ್ತಿ. ನಮ್ಮೊಳಗ ಯಾರು ಸುಡತಾರ? ನಾ ಇರೂತನಕ ನಿಮಗ ಬೆಂಕಿ ತಾಕಂಗಿಲ್ಲ."

ಸುಲಭವಾಗಿ ಕೊಟ್ಟ ಮಾತು ಅದು. ಯಾರನ್ನೂ ಸುಡದ ಮನೆಯಲ್ಲಿ ಸುಡುವುದಿಲ್ಲವೆಂದು ಮಾತು ಕೊಡುವುದು ಏನು ದೊಡ್ಡದು ಎಂದು ಅವಳಿಗೆ ಆಗ ಅನ್ನಿಸಿತ್ತು.

*

ಕಸ್ತೂರಬಾಯಿ ಬಲಗಾಲನ್ನು ಒರೆಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಪಡಸಾಲೆಗೆ ಬಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಭಾವನ ಎದುರಿಗೆ ನಿಂತು ಮಾತಾಡಿದವಳಲ್ಲ. ಹೇಳುವುದಿದ್ದರೆ ಬಾಗಿಲ ಹಿಂದೆ ನಿಂತು ದ್ರೌಪದಿಗೆ ಹೇಳಿದಂತೆ ಹೇಳುವುದು, ಅವನು ಗೋಡೆಗೆ ಹೇಳಿದಂತೆ ಉತ್ತರ ಕೊಡುವುದು. ಅವಳು ಹೊಸ್ತಿಲು ದಾಟಿ ಬಂದದ್ದು ಕಂಡು ಗಂಡಸರ ಮಾತು ನಿಂತಿತು.

"ಬಾವಾರ, ಅತ್ತಿಗೆ ಬೆಂಕಿ ಹಚ್ಚಬ್ಯಾಡ್ರಿ. ನಾ ಮಾತು ಕೊಟ್ಟೀನಿ."

ಶಿವಶರಣಪ್ಪನ ಕಣ್ಣು ಕೆಂಪಾಗಿದ್ದವು. ತಾಯಿಯ ತೊಡೆಯ ಮೇಲೆ ಮಲಗಿ ಅದೇ ಶಿಲುಬೆ ಹಿಡಿದು ಆಡಿ ಬೆಳೆದವನು ಅವನು. ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಈಗ ಭಾವಕಿಯ ಮುಂದೆ ಗೊತ್ತಿಲ್ಲದವನಂತೆ ಕೂರಬೇಕಾಗಿತ್ತು. ಅವನನ್ನು ಕಂಡು ಕಸ್ತೂರಬಾಯಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

"ನಮ್ಮವ್ವ ಅಲ್ಲೇನವ್ವ ಆಕಿ? ನನಗ ಬ್ಯಾನಿ ಇಲ್ಲೇನು?" ಎಂದ ಶಿವಶರಣಪ್ಪ.

"ಬ್ಯಾನಿ ಮಾತಲ್ಲ ಇದು," ಎಂದು ಹಣಮಂತಪ್ಪ ನಡುವೆ ಬಂದ. ಅವನು ದನಿ ಏರಿಸುವ ಮನುಷ್ಯನಲ್ಲ. ಅದಕ್ಕೇ ಜನ ಅವನಿಗೆ ಹೆದರುತ್ತಿದ್ದರು. "ನಮ್ಮ ಮುತ್ಯಾಗೋಳು ಅಲ್ಲಿ ಲಿಂಗ ಹಿಡಕೊಂಡು ಕುಂತಾರ. ಅವರ ಬಾಜೂಕ ಶಿಲುಬಿ ಹಿಡಕೊಂಡು ಒಬ್ಬಾಕಿ ಕುಂತರ, ನಾಳೆ ನಮ್ಮ ಮನಿತನಕ್ಕ ಹೆಣ್ಣು ಯಾರು ಕೊಡತಾರ, ಯಾರು ತೊಗೋತಾರ? ಲಿಂಗ ಇತ್ತಂದ್ರ ನನ್ನ ಅಡ್ಡಿ ಏನೂ ಇರಲಿಲ್ಲ. ನಾನ ಹೆಗಲು ಕೊಡತಿದ್ದೆ."

ಹೊರಗೆ ಮತ್ತೊಂದು ಕೊರಡು ಬಿತ್ತು. ಆ ಸದ್ದಿಗೆ ಕಸ್ತೂರಬಾಯಿಯ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಅತ್ತೀ ಲಿಂಗ ಅದರಿ."

ಎಲ್ಲರೂ ಅವಳತ್ತ ತಿರುಗಿದರು.

"ಜ್ವರದಾಗ ಅವರಿಗಿ ಮೈಮ್ಯಾಲ ಖಬರ ಇರಲಿಲ್ಲ. ಎಲ್ಲೆರ ಬಿದ್ದೀತು ಅಂತ ನಾನ ತಗದು ದೇವರ ಕ್ವಾಣ್ಯಾಗ ಇಟ್ಟೀನಿ. ಆ ಶಿಲುಬಿ ಅವರ ತೌರುಮನೀದು, ನೆನಪಿಗಿ ಇಟಗೊಂಡಿದ್ದರು."

ಬಾಗಿಲಲ್ಲಿ ನಿಂತಿದ್ದ ತುಳಜಾಬಾಯಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಹಂಗಾರ ತೊಗೊಂಡು ಬಾ" ಎಂದಳು.

ದೇವರ ಕೋಣೆಗೆ ಹೋಗಿ ಕಸ್ತೂರಬಾಯಿ ಬಾಗಿಲು ಮುಚ್ಚಿಕೊಂಡಳು. ಅಲ್ಲಿ ಏನೂ ಇರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದ್ದದ್ದು ಅವಳ ಕೊರಳಲ್ಲಿ. ಬೆಳ್ಳಿಯ ಕರಡಿಗೆಯನ್ನು ಕೈಗೆ ತೆಗೆದುಕೊಂಡಳು. ಭಂಡಾರಕವಠೆಯ ತೌರುಮನೆಯಲ್ಲಿ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ, ಅದನ್ನು ಕಟ್ಟಿದ ದಿನ ತಾಯಿ ಹೇಳಿದ್ದಳು: ಇದು ಮೈಬಿಟ್ಟು ಹೋದರೆ ಒಂದು ಗುಟುಕು ನೀರೂ ಕುಡಿಯುವಂತಿಲ್ಲ, ಜೀವ ಹೋದರೂ ಇದು ಹೋಗಬಾರದು. ಅಂದಿನಿಂದ ಹಡೆಯುವಾಗಲೂ ಅದು ಅವಳನ್ನು ಬಿಟ್ಟಿರಲಿಲ್ಲ. ಜೀವನದಲ್ಲಿ ಇಷ್ಟು ಹೆದರಿಕೆ ಅವಳಿಗೆ ಎಂದೂ ಆಗಿರಲಿಲ್ಲ. ಕೈ ಬೆವರಿ ಕರಡಿಗೆಯ ಮುಚ್ಚಳ ಜಾರುತ್ತಿತ್ತು.

ಲಿಂಗವನ್ನು ತೆಗೆದು ಒಗೆದ ಬಟ್ಟೆಯಲ್ಲಿ ಸುತ್ತಿದಳು. ಖಾಲಿ ಕರಡಿಗೆಯನ್ನು ಮುಚ್ಚಿ ಮತ್ತೆ ಕೊರಳಿಗೆ ಬಿಟ್ಟುಕೊಂಡಳು. ಹಗುರಾಗಿತ್ತು.

ಹೆಣದ ಹತ್ತಿರ ಬಂದಾಗ ಇನ್ನೊಂದು ಅಳುಕು ಅವಳನ್ನು ಹಿಡಿಯಿತು. ಬದುಕಿದ್ದಾಗ ಬೇಡವೆಂದವಳ ಅಂಗೈಗೆ ಸತ್ತ ಮೇಲೆ ಲಿಂಗ ಇಡುವುದು ಸರಿಯೇ? ಇಬ್ಬರು ದೇವರಿಗೂ ಮೋಸ ಮಾಡಲಾರೆ ಎಂದಿದ್ದವಳಿಂದ ನಾನು ಈಗ ಅದನ್ನೇ ಮಾಡಿಸುತ್ತಿದ್ದೇನೆ. ಆದರೆ ಬೆಂಕಿ ಬೇಡವೆಂದವಳೂ ಇವಳೇ. ಕಸ್ತೂರಬಾಯಿ ಕಿಟಕಿಯ ಕಟ್ಟೆಯ ಮೇಲಿದ್ದ ಶಿಲುಬೆಯನ್ನು ತಂದು, ದ್ರೌಪದಿ ನೋಡುತ್ತಿರುವಂತೆಯೇ ಅತ್ತೆಯ ಕೊರಳಿಗೆ ಕಟ್ಟಿ ಕುಪ್ಪಸದೊಳಗೆ ಸರಿಸಿದಳು. ಆಮೇಲೆ ಬಟ್ಟೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಮೋಸ ನನ್ನದು ಅತ್ತಿ, ನಿಮ್ಮದಲ್ಲ, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ದ್ರೌಪದಿ ಅತ್ತೆಯ ಸೆರಗನ್ನು ಸರಿಮಾಡಿದಳು, ಅಷ್ಟೇ.

ಗಂಡಸರು ಬಂದು ನೋಡಿದರು. ಹಣಮಂತಪ್ಪ ಬಾಗಿ ನೋಡಿದ. ಶಿವಶರಣಪ್ಪ ತಾಯಿಯ ಕೈ ನೋಡಲಿಲ್ಲ. ಒಂದು ಗಳಿಗೆ ಕಸ್ತೂರಬಾಯಿಯ ಮುಖ ನೋಡಿ ತಲೆ ತಗ್ಗಿಸಿದ. ಲಾರಿ ತರಿಸಲು ಹೇಳಿದ. ಅಕ್ಕಲಕೋಟಕ್ಕೆ ಮುಂದಾಗಿ ಒಬ್ಬನನ್ನು ಫಟಫಟಿಯ ಮೇಲೆ ಕಳಿಸಿ, ಹೊಲದ ಆಳು ಬಂಡೆಪ್ಪನಿಗೆ ಕುಣಿ ತೋಡಲು ಹಚ್ಚೆಂದ.

"ಮಾಲಕ, ಲಾಕಡ ಕುಠೆ ಠೇವೂ?" ಎಂದು ಗಾಡಿಯವನು ಮರಾಠಿಯಲ್ಲಿ ಕಟ್ಟಿಗೆಯನ್ನು ಎಲ್ಲಿಡಲೆಂದು ಕೇಳಿದ. ಅದಕ್ಕೆ ಉತ್ತರ ಕೊಟ್ಟವನು ಹಣಮಂತಪ್ಪ.

"ಹಿತ್ತಲದಾಗ ಒಟ್ಟು. ಯಾವಾಗರೆ ಬೇಕಾಗತಾವ."

*

ಲಾರಿಯಲ್ಲಿ ಲೀಲಾಬಾಯಿಯನ್ನು ಹೂವು ಕಟ್ಟಿದ ಕುರ್ಚಿಯ ಮೇಲೆ ಕೂಡಿಸಿದ್ದರು. ತಲೆ ಬೀಳದಂತೆ ಹಣೆಗೆ ಬಟ್ಟೆ ಬಿಗಿದಿದ್ದರೂ ರಸ್ತೆಯ ಕುಣಿ ಬಂದಾಗಲೆಲ್ಲ ಅವಳು ಹೌದು ಹೌದೆಂದು ತಲೆಯಾಡಿಸುತ್ತಿದ್ದಳು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಎರಡೂ ಕಡೆ ಉತ್ತಿಟ್ಟ ಕರಿ ಹೊಲಗಳು. ಎಲ್ಲಿಯೂ ಒಂದು ಹಸಿರು ಎಲೆಯಿಲ್ಲ. ಭಜನೆಯವರು ಒಂದಿಷ್ಟು ದೂರ ಹಾಡಿ, ಗಂಟಲೊಣಗಿ ಸುಮ್ಮನಾದರು.

ದ್ರೌಪದಿ ತಂಬಿಗೆಯಿಂದ ಎಲ್ಲರಿಗೂ ನೀರು ಕೊಟ್ಟಳು. ಕಸ್ತೂರಬಾಯಿಯ ನಾಲಗೆ ಅಂಗುಳಕ್ಕೆ ಅಂಟಿತ್ತು. ಅವಳು ಕೈಯಲ್ಲೇ ಬೇಡವೆಂದಳು. ಸ್ವಲ್ಪ ದೂರ ಹೋದ ಮೇಲೆ ದ್ರೌಪದಿ ಮತ್ತೆ ಕೊಡಲು ಬಂದಳು. ಮತ್ತೆ ಬೇಡವೆಂದಳು. ಎದುರಿಗೆ ಕೂತಿದ್ದ ತುಳಜಾಬಾಯಿ ಬಾಯಿ ಒರೆಸಿಕೊಂಡು, ಇಂಥಾ ಬಿಸಿಲಿನ್ಯಾಗ ನೀರು ಒಲ್ಲೆ ಅಂದರ ಹ್ಯಾಂಗ, ಎಂದು ಮೆತ್ತಗೆ ಕೇಳಿದಳು. ಕಸ್ತೂರಬಾಯಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಅಲ್ಲಿಂದ ಮುಂದೆ ತುಳಜಾಬಾಯಿಯ ಕಣ್ಣು ಅವಳನ್ನು ಬಿಟ್ಟು ರಸ್ತೆಯ ಕಡೆ ಹೋಗಲಿಲ್ಲ.

ಹೊಲದಲ್ಲಿ ಸಾತಲಿಂಗಪ್ಪನ ಸಮಾಧಿಯ ಪಕ್ಕಕ್ಕೆ ಬಂಡೆಪ್ಪ ಕುಣಿ ತೋಡಿ ಮುಗಿಸಿದ್ದ. ಮೇಲಿನ ಮಣ್ಣು ಒಣಗಿ ಹೆಂಟೆಯಾಗಿತ್ತು. ಕೆಳಗಿನದು ತಂಪಾಗಿ, ಕರ್ರಗೆ ಹೊಳೆಯುತ್ತಿತ್ತು. ಮಠಪತಿ ಅಯ್ಯನವರು ಕಾದು ನಿಂತಿದ್ದರು. ಆ ಮನೆತನದ ಹುಟ್ಟು ಸಾವೆರಡಕ್ಕೂ ಬರುವ ಮುದಿ ಜಂಗಮ. ಅವರು ಕುಣಿಯೊಳಗಿಳಿದು ಹೆಣದ ತಲೆಯ ಮೇಲೆ ಪಾದ ಇಟ್ಟರೆ ಸತ್ತವರು ಶಿವನಿಗೆ ಸೇರಿದಂತೆ. ಇಡದಿದ್ದರೆ ಯಾರೂ ಮಣ್ಣೆಳೆಯುವಂತಿಲ್ಲ.

ಲೀಲಾಬಾಯಿಯನ್ನು ಒಳಗಿಳಿಸಿ ಕೂಡಿಸಿದರು. ಅಯ್ಯನವರು ಇಳಿದರು. ಎಡಗೈಯ ಬೆರಳು ಬಿಡಿಸಿ ಲಿಂಗ ನೋಡಿದರು, ಮತ್ತೊಮ್ಮೆ ನೋಡಿದರು. ಲಿಂಗದ ಮೇಲಿನ ಕರಿಯ ಲೇಪಕ್ಕೆ ಕಂತಿ ಎನ್ನುತ್ತಾರೆ. ಹೋದ ಶ್ರಾವಣದಲ್ಲಿ ಕಸ್ತೂರಬಾಯಿಯ ಲಿಂಗದ ಕಂತಿ ಒಂದು ಕಡೆ ಸೀಳು ಬಿಟ್ಟಾಗ ಹೊಸದಾಗಿ ಕೂಡಿಸಿಕೊಟ್ಟವರು ಅವರೇ. ತಮ್ಮ ಕೈಯ ಕೆಲಸ ಅವರಿಗೆ ಗುರುತು ಸಿಗದೇ ಇದ್ದೀತೇ?

"ಪತ್ರಿ ಯಾರ ಹತ್ರ ಅದ? ಕಸ್ತೂರವ್ವ, ನೀ ಕೊಡು ಬಾ," ಎಂದು ಕರೆದರು.

ಅವಳು ಬಿಲ್ವಪತ್ರಿಯ ಬುಟ್ಟಿ ಹಿಡಿದು ಕುಣಿಯ ಅಂಚಿಗೆ ಬಂದು ಮೊಣಕಾಲೂರಿದಳು. ಉಳಿದವರು ಒಂದಿಷ್ಟು ದೂರದಲ್ಲಿದ್ದರು. ಅಯ್ಯನವರು ಪತ್ರಿ ತೆಗೆದುಕೊಳ್ಳುವ ನೆಪದಲ್ಲಿ ತಲೆಯೆತ್ತಿದರು.

"ಇದು ಯಾರ ಲಿಂಗವ್ವ?"

"ಅತ್ತೀದರಿ."

"ಮಣ್ಣಿಗಿ ಹ್ವಾದದ್ದು ತಿರುಗಿ ಬರಂಗಿಲ್ಲ, ತಂಗಿ. ನಾಳೆ ನೀ ಇನ್ನೊಂದು ಕೇಳಿದರ ನಾ ಕೊಡೂದಕ್ಕ ಬರತದ. ಖರೆ, ಮೊದಲಿಂದು ಎಲ್ಲಿ ಹೋತು ಅಂತ ಭಾವಕಿ ಮುಂದ ಹೇಳಬೇಕಾಗತದ. ಹೇಳಿದ ದಿನ ಈ ಕುಣಿ ತಗಸ್ತಾರ. ನೀ ಹೇಳಲಿಲ್ಲಂದ್ರ, ನಿನ್ನ ಪಾಳಿ ಬಂದಾಗ ನಿನಗೂ ಇಲ್ಲಿ ಜಾಗಾ ಇಲ್ಲ. ತಿಳದದ ಇಲ್ಲೋ?"

ಕಸ್ತೂರಬಾಯಿ ಕೆಳಗೆ ನೋಡಿದಳು. ಅತ್ತೆ ಗಂಡನ ಮಗ್ಗುಲಿಗೆ, ತಂಪು ಮಣ್ಣಿಗೆ ಬೆನ್ನು ಕೊಟ್ಟು ಕೂತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಯಾರಿಗೋ ಬರ್ರಿ ಎನ್ನುವಂತಿತ್ತು.

"ತಿಳದದರಿ, ಅಪ್ಪಾರ. ನೀವು ಪಾದ ಇಡ್ರಿ."

ಅಯ್ಯನವರು ಬಹಳ ಹೊತ್ತು ಅವಳ ಮುಖ ನೋಡುತ್ತ ನಿಂತರು. ಮೇಲಿನಿಂದ ಹಣಮಂತಪ್ಪ, ಯಾಕ ತಡ ಆತು ಅಯ್ಯನವರ, ಎಂದು ಕೇಳಿದ. ಅವರು ಲೀಲಾಬಾಯಿಯ ಬೆರಳುಗಳನ್ನು ಲಿಂಗದ ಮೇಲೆ ಬಿಗಿಯಾಗಿ ಮಡಚಿದರು. ಮಂತ್ರ ಹೇಳುತ್ತ ಬಲಗಾಲೆತ್ತಿ ಅವಳ ಬಿಳಿ ತಲೆಯ ಮೇಲೆ ಪಾದ ಇಟ್ಟರು.

ವಿಭೂತಿ ಬಿತ್ತು, ಪತ್ರಿ ಬಿತ್ತು, ಉಪ್ಪು ಬಿತ್ತು. ಶಿವಶರಣಪ್ಪ ಮೊದಲ ಹಿಡಿ ಮಣ್ಣು ಹಾಕಿ, ಅವ್ವಾ ಎಂದು ಚಿಕ್ಕ ಹುಡುಗನಂತೆ ಅತ್ತ. ಬಂಡೆಪ್ಪ ಸಲಿಕೆಯಿಂದ ಮಣ್ಣೆಳೆಯತೊಡಗಿದ. ಮಣ್ಣು ಅತ್ತೆಯ ಮೊಣಕಾಲು ಮುಚ್ಚಿತು, ಎದೆ ಮುಚ್ಚಿತು, ಕೊರಳಿಗೆ ಬಂತು. ಕಸ್ತೂರಬಾಯಿಗೆ ಅಳು ಬರಲಿಲ್ಲ. ಇನ್ನು ಬೆಂಕಿ ಇಲ್ಲ, ಇನ್ನು ಯಾರೂ ಏನೂ ಮಾಡಲಾರರು ಎಂದು ಎದೆ ತುಂಬ ಸಮಾಧಾನವಾಯಿತು. ಆ ಸಮಾಧಾನ ಇದ್ದದ್ದು ನೆಲ ಮಟ್ಟಸವಾಗುವವರೆಗೆ.

*

ಬಾವಿಯ ಮೇಲೆ ಎಲ್ಲರೂ ಜಳಕ ಮಾಡಿ ಹೊಲದ ಮನೆಗೆ ಬಂದರು. ಬಂಡೆಪ್ಪನ ಹೆಂಡತಿ ಅನ್ನ, ಬೇಳೆ ಮಾಡಿಟ್ಟಿದ್ದಳು. ಮುಂಜಾನೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಗಂಡಸರು ಒಂದು ಸಾಲು, ಹೆಂಗಸರು ಅವರ ಎದುರಿಗೆ ಒಂದು ಸಾಲು ಕೂತರು. ತಾಟುಗಳು ಬಂದವು. ಉಣ್ಣುವ ಮೊದಲು ಲಿಂಗಪೂಜೆ. ಒಬ್ಬೊಬ್ಬರೂ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಮಾತು ನಿಂತು, ತುಟಿಗಳಷ್ಟೇ ಅಲುಗತೊಡಗಿದವು.

ಹೊಟ್ಟೆ ನೋವೆಂದು ಎದ್ದು ಹೋಗಬಹುದಿತ್ತು. ಇವತ್ತು ಎದ್ದು ಹೋದರೆ ನಾಳೆ? ನಾಡಿದ್ದು? ಕಸ್ತೂರಬಾಯಿ ಕಲಿಯಬೇಕಾದದ್ದನ್ನು ಇವತ್ತೇ ಕಲಿಯಬೇಕಾಗಿತ್ತು. ಸೆರಗಿನ ಮರೆಯಲ್ಲಿ ಕರಡಿಗೆ ತೆರೆದು ಮುಚ್ಚಿದಳು. ಎಡ ಅಂಗೈಯನ್ನು ಬಟ್ಟಲಿನಂತೆ ಗುಳಿ ಮಾಡಿ, ಬುಟ್ಟಿಯಲ್ಲಿ ಉಳಿದಿದ್ದ ಒಂದು ದೊಡ್ಡ ಪತ್ರಿಯನ್ನು ಅದರ ಮೇಲೆ ಹೊದಿಸಿದಳು. ಕೆಳಗೆ ಏನೋ ಇದ್ದಂತೆಯೇ ಕಾಣುತ್ತಿತ್ತು. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಕಣ್ಣು ಮುಚ್ಚಿದಳು. ಬಾಯಲ್ಲಿ ಮಂತ್ರ ಬರುತ್ತಿತ್ತು. ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಪಕ್ಕದಲ್ಲಿ ಬಳೆ ಸದ್ದಾಯಿತು. ಕಣ್ಣು ತೆರೆದಳು. ಸಾಲಿನ ಆ ಕೊನೆಯಲ್ಲಿ ಕೂತಿದ್ದ ತುಳಜಾಬಾಯಿ ತನ್ನ ಪೂಜೆ ಮುಗಿಸಿ, ತಂಬಿಗೆ ಹಿಡಿದು ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಮುಂಜಾನಿಯಿಂದ ದಣದೀದಿ. ನೀರು ನಾ ಹನಸ್ತೀನಿ, ಕೈ ಹಿಂಗ ಹಿಡಿ" ಎಂದಳು.

ಆಚೆ ಸಾಲಿನಲ್ಲಿ ಶಿವಶರಣಪ್ಪ ತಲೆಯೆತ್ತಿದ. ಕಸ್ತೂರಬಾಯಿ ಕೈ ಹಿಂದೆಳೆಯಲಿಲ್ಲ. ತುಳಜಾಬಾಯಿ ತಂಬಿಗೆ ಬಗ್ಗಿಸಿದಳು. ನೀರು ಪತ್ರಿಯ ಮೇಲೆ ಬಿತ್ತು. ಎಲೆ ಒದ್ದೆಯಾಗಿ, ಮೆಲ್ಲಗೆ ಕುಸಿದು, ಚಪ್ಪಟೆಯಾಗಿ ಅವಳ ಅಂಗೈಯ ಗುಳಿಗೆ ಅಂಟಿಕೊಂಡಿತು.